ಹಲ್ಲು ಕೀಳಿಸಿಕೊಂಡ ಮೂರನೇ ದಿನ ಹೆಣ್ಣು ನೋಡುವ ಶಾಸ್ತ್ರ

ಐವತ್ತು ದಾಟಿದವಳಿಗೆ ಬುದ್ಧಿ ಹಲ್ಲು ನೋಯುತ್ತಿದೆ ಎಂದರೆ ಯಾರಿಗೂ ಅಯ್ಯೋ ಅನ್ನಿಸುವುದಿಲ್ಲ, ನಗು ಬರುತ್ತದೆ. ಬ್ಯಾಂಕಿನಲ್ಲಿ ಪಕ್ಕದ ಟೇಬಲ್ಲಿನವರಿಂದ ಹಿಡಿದು ಲಿಫ್ಟಿನಲ್ಲಿ ಸಿಕ್ಕ ಮೇಲಿನ ಮಹಡಿಯ ಆಂಟಿಯವರೆಗೆ ಎಲ್ಲರದೂ ಒಂದೇ ಮಾತು: "ಈಗ ಬಂತಾ ಬುದ್ಧಿ?" ಪ್ರತಿಯೊಬ್ಬರೂ ಅದನ್ನು ತಾವೇ ಮೊದಲು ಹೇಳಿದ ಹಾಗೆ ಹೇಳಿ, ನಾನು ನಗಲಿ ಅಂತ ಕಾಯುತ್ತಿದ್ದರು. ನಮ್ಮವರು ಅದನ್ನು ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಹೇಳಿ ನೋಡಿದರು. ಎರಡರಲ್ಲೂ ನನಗೆ ನಗು ಬರಲಿಲ್ಲ.

ನಾನು ತುಮಕೂರಿನ ಕಡೆಯವಳು. ಬ್ಯಾಂಕಿನ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದೆ, ಅದೇ ಬ್ಯಾಂಕಿನಲ್ಲಿದ್ದ ವಿಜಯವಾಡದ ತೆಲುಗಿನವರೊಬ್ಬರನ್ನು ಮದುವೆಯಾದೆ, ಇಲ್ಲೇ ಉಳಿದುಬಿಟ್ಟೆ. ನಮಗೆ ಒಬ್ಬಳೇ ಮಗಳು. ಪರವಾಡದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿದ್ದಾಳೆ. ತಯಾರಾದ ಔಷಧಿಯಲ್ಲಿ ಕ್ರಿಮಿಗಳೇನಾದರೂ ಸೇರಿವೆಯೇ ಎಂದು ಪರೀಕ್ಷೆ ಮಾಡುವ ಕೆಲಸ. ಅವಳು ಸರಿ ಎಂದು ಸಹಿ ಹಾಕದೆ ಒಂದು ಡಬ್ಬವೂ ಗೇಟು ದಾಟುವ ಹಾಗಿಲ್ಲ. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತುತ್ತಾಳೆ, ಷಿಫ್ಟು ಬದಲಾದರೆ ರಾತ್ರಿ ಬರುತ್ತಾಳೆ, ಬಂದವಳು ಊಟ ಮಾಡುತ್ತಾ ಆ ಲ್ಯಾಬಿನ ಕಥೆಯನ್ನೇ ಹೇಳುತ್ತಾಳೆ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದಿದ್ದೇನೆ, ಒಂದು ದಿನವೂ ಅಷ್ಟು ಪ್ರೀತಿಯಿಂದ ಬ್ಯಾಂಕಿನ ಕಥೆ ಹೇಳಿದವಳಲ್ಲ.

ಇರಲಿ, ಹಲ್ಲಿಗೆ ಬರುತ್ತೇನೆ. ಎಕ್ಸ್‌ರೇ ತೆಗೆಸಿದಾಗ ಕೆಳದವಡೆಯ ಕೊನೆಯಲ್ಲಿ ಆ ಮಹರಾಯ ಅಡ್ಡಡ್ಡ ಮಲಗಿದ್ದು ಕಂಡಿತು. ಪಕ್ಕದ ಹಲ್ಲನ್ನು ಒದೆಯುತ್ತಿದ್ದಾನೆ, ವಸಡು ಕೊಯ್ದು ತೆಗೆಯಬೇಕು ಎಂದರು ನಮ್ಮ ಬೀದಿಯ ಹಲ್ಲಿನ ಡಾಕ್ಟರು. ಕೊಯ್ಯುವ ಡಾಕ್ಟರು ಬೇರೆ. ಅವರು ಆ ಕ್ಲಿನಿಕ್ಕಿಗೆ ಬರುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ.

ಇದನ್ನು ನಮ್ಮವರು ವಿಜಯವಾಡದಲ್ಲಿರುವ ತಮ್ಮ ತಾಯಿಗೆ ಫೋನಿನಲ್ಲಿ ಹೇಳಿದರು. ಹೇಳಬೇಡಿ ಎಂದು ನಾನು ಕೈ ಅಲ್ಲಾಡಿಸುತ್ತಲೇ ಇದ್ದೆ. ನಮ್ಮತ್ತೆ ಎಂಬತ್ತರ ಹತ್ತಿರದವರು, ಮಂಚದ ತಲೆದೆಸೆಯಲ್ಲೇ ಪಂಚಾಂಗ ಇಟ್ಟುಕೊಂಡವರು. ಅವರ ತೆಲುಗನ್ನು ಕನ್ನಡದಲ್ಲೇ ಹೇಳುತ್ತೇನೆ. "ಮಂಗಳವಾರ ಯಾರಾದರೂ ಮೈಗೆ ಕತ್ತಿ ಹಾಕಿಸಿಕೊಳ್ಳುತ್ತಾರಾ?" ಎಂದರು. ಸರಿ, ಶುಕ್ರವಾರ? "ಶುಕ್ರವಾರ ಮನೆಯ ಹೆಂಗಸು ಉಗುರು ಕೂಡ ತೆಗೆಯಬಾರದು, ಹಲ್ಲು ತೆಗೆಸುತ್ತಾಳಂತೆ!" ನಮ್ಮವರು "ಹೌದಮ್ಮಾ, ಹೌದಮ್ಮಾ" ಎಂದು ಫೋನಿಟ್ಟು, ಈ ಮಾತ್ರೆ ತಗೊಂಡಿರು, ನೋಡೋಣ ಎಂದರು.

ನೋಡಿದ್ದೇ ನೋಡಿದ್ದು. ನನ್ನ ಕಾಟ ತಡೆಯಲಾರದೆ ಆ ಡಾಕ್ಟರು ಒಂದು ಶನಿವಾರ ಬೆಳಗ್ಗೆ ಹತ್ತಕ್ಕೆ ವಿಶೇಷವಾಗಿ ಬರುತ್ತೇನೆಂದು ಒಪ್ಪಿದರು. ಆವತ್ತು ಅತ್ತೆಯ ಪಂಚಾಂಗದಲ್ಲಿ ಏನೂ ತಕರಾರಿರಲಿಲ್ಲ. ತಕರಾರು ಎತ್ತಿದ್ದು ನಾನೇ. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ನಮ್ಮ ಕಡೆ ರಾಹುಕಾಲದಲ್ಲಿ ಯಾರೂ ಮನೆಯಿಂದ ಹೊರಡುವುದಿಲ್ಲ. ಅತ್ತೆಯ ವರ್ಜ್ಯ, ದುರ್ಮುಹೂರ್ತ ಎಂಬ ಕೆಟ್ಟ ಗಳಿಗೆಗಳನ್ನು ಕಂಡು ನಗುತ್ತಿದ್ದವಳು ನಾನು, ಆದರೆ ರಾಹುಕಾಲ ಬೇರೆ ವಿಷಯ ನೋಡಿ, ಅದು ನಮ್ಮ ಮನೆಯದು. ಹನ್ನೊಂದಕ್ಕೆ ಬರುತ್ತೀರಾ ಎಂದು ಕೇಳಿದ್ದಕ್ಕೆ ಡಾಕ್ಟರು, "ಮೇಡಂ, ನೀವು ಪಂಚಾಂಗದವರ ಹತ್ತಿರವೇ ಹಲ್ಲು ಕೀಳಿಸಿಕೊಳ್ಳಿ" ಎಂದು ಫೋನ್ ಇಟ್ಟರು.

ಅಷ್ಟರಲ್ಲಿ ನೋವು ಇಳಿಯಿತು. ಇಳಿದದ್ದು ಮಾತ್ರೆಯಿಂದ. ಆದರೆ ಅತ್ತೆ, "ನೋಡಿದೆಯಾ ಅಮ್ಮಾಯೀ, ಆತುರ ಪಡಬಾರದು" ಎಂದರು. ನಾನೂ ಮರೆತೆ. ಮರೆಯುವುದಕ್ಕೆ ಕಾರಣವಿತ್ತು, ಮಗಳಿಗೆ ಒಂದು ಸಂಬಂಧ ಬಂದಿತ್ತು.

ಹುಡುಗನ ತಂದೆ ತಾಯಿ ವಿಜಯವಾಡದಲ್ಲೇ ಇದ್ದಾರೆ, ಅತ್ತೆಗೆ ಗೊತ್ತಿದ್ದ ಮನೆತನ. ಹುಡುಗ ಇಂಜಿನಿಯರು, ಕೆಲಸ ಅಚ್ಯುತಾಪುರಂನ ಕಾರ್ಖಾನೆಯೊಂದರಲ್ಲಿ. ಇವಳದು ಪರವಾಡ. ಎರಡೂ ವಿಶಾಖಪಟ್ಟಣದ ಒಂದೇ ದಿಕ್ಕಿಗೆ, ಒಂದೇ ದಾರಿಗೆ. ಇದಕ್ಕಿಂತ ಅನುಕೂಲ ಬೇಡಿದರೂ ಸಿಗುವುದಿಲ್ಲ ಎಂದುಕೊಂಡೆವು. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಕೊಂಡರು, ಒಂದೆರಡು ಸಲ ಸಮುದ್ರದ ದಂಡೆಯಲ್ಲಿ ಕಾಫಿ ಕುಡಿದರು. ಮಗಳ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಹಿಡಿಸಿದ್ದಾನೆ ಅಂತ.

ಆದರೆ ಒಂದು ದಿನ ಅವಳು ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತಳು. "ಅಮ್ಮಾ, ಅವರಮ್ಮನಿಗೆ ನಾನು ಕೆಲಸ ಮಾಡೋದು ಇಷ್ಟ ಇಲ್ಲವಂತೆ. ಅವನಿಗೆ ಏನೂ ಅಭ್ಯಂತರ ಇಲ್ಲ. ಆದರೆ ಅವರಮ್ಮನ ಹತ್ತಿರ ಅವನು ಮಾತಾಡಿದರೆ ಚೆನ್ನಾಗಿರಲ್ಲವಂತೆ, ದೊಡ್ಡವರು ದೊಡ್ಡವರೇ ಮಾತಾಡಿಕೊಂಡರೆ ಸರಿ ಅಂತಾನೆ. ನೀನೇ ಹೇಳಬೇಕಮ್ಮಾ. ನಾನ್ನ ಹೇಳಲ್ಲ. ನಾನ್ನ ಎಲ್ಲದಕ್ಕೂ ಮೀ ಇಷ್ಟಂ ಅಂಡಿ ಅಂತಾರೆ, ಅಷ್ಟೇ." ಅಪ್ಪನನ್ನು ಅವಳು ತೆಲುಗಿನಲ್ಲೇ ನಾನ್ನ ಎನ್ನುವುದು.

"ನಾನಿಲ್ವೇನೆ? ಬಾಯಿದ್ದವಳು ಬರಗಾಲದಲ್ಲೂ ಬದುಕ್ತಾಳಂತೆ. ಹೇಳ್ತೀನಿ ಬಿಡು" ಎಂದೆ. ಎಷ್ಟು ಜಂಬದಿಂದ ಹೇಳಿದೆ ಎಂದರೆ, ಹೇಳುವಾಗ ಕೈಯಲ್ಲಿದ್ದ ಸೌಟನ್ನೂ ಎತ್ತಿದ್ದೆ.

ಹೆಣ್ಣು ನೋಡುವ ಶಾಸ್ತ್ರ ವಿಜಯವಾಡದಲ್ಲಿ, ಅತ್ತೆಯ ಮನೆಯಲ್ಲಿ ಎಂದು ನಿಶ್ಚಯವಾಯಿತು. ಹಿರಿಯರಿದ್ದ ಕಡೆಗೆ ನಾವೇ ಹೋಗಬೇಕು, ಸರಿ. ದಿನ ಭಾನುವಾರ. ಅದನ್ನು ಬಿಟ್ಟರೆ ಇಲ್ಲ, ಏಕೆಂದರೆ ಅದರ ಮಾರನೆಯ ದಿನದಿಂದ ಮೂಢ. ಶುಕ್ರನೋ ಗುರುವೋ ಸೂರ್ಯನ ಬೆಳಕಿನಲ್ಲಿ ಕಾಣದೆ ಹೋಗುವ ಕಾಲಕ್ಕೆ ತೆಲುಗಿನವರು ಹಾಗೆನ್ನುತ್ತಾರೆ. ಮೂಢ ಬಂತೆಂದರೆ ಮದುವೆಯ ಮಾತು ಎತ್ತುವ ಹಾಗಿಲ್ಲ, ಕಾಯಬೇಕು. ಹುಡುಗನ ತಾಯಿ ಕಾಯುವವರಲ್ಲ ಎಂದು ಅತ್ತೆ ಮೊದಲೇ ಹೇಳಿದ್ದರು.

ಆ ವಾರದ ಬುಧವಾರ ಹಲ್ಲು ಎದ್ದಿತು. ಸುಮ್ಮನೆ ಎದ್ದದ್ದಲ್ಲ, ಕಿವಿ, ಗಂಟಲು, ತಲೆ ಎಲ್ಲವನ್ನೂ ಜೊತೆಗೆ ಎಬ್ಬಿಸಿಕೊಂಡು ಎದ್ದಿತು. ಗುರುವಾರ ಮಧ್ಯಾಹ್ನ ಜ್ವರವೂ ಬಂದು, ನಮ್ಮವರು ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಸೀದಾ ಆ ಕೊಯ್ಯುವ ಡಾಕ್ಟರು ಕೂರುವ ದೊಡ್ಡ ಕ್ಲಿನಿಕ್ಕಿಗೇ ಹೋದರು. ಅವರು ದನಿ ಕೇಳಿದ್ದೇ ನನ್ನ ಗುರುತು ಹಿಡಿದರು. ಗಡಿಯಾರ ನೋಡಿ, "ಮೇಡಂ, ಎರಡು ಗಂಟೆ. ಗುರುವಾರ ಈಗ ರಾಹುಕಾಲ ತಾನೇ?" ಎಂದರು. ಹಾಳಾಗಿ ಹೋಗಲಿ, ಕೀಳಿ ಎಂದು ಕೈ ಮುಗಿದೆ.

ದವಡೆ ಮರಗಟ್ಟಿದ ಮೇಲೆ ನೋವಿರಲಿಲ್ಲ, ಸದ್ದಿತ್ತು. ಮರ ಕೊರೆಯುವ ಸದ್ದು, ಅದೂ ನನ್ನ ತಲೆಯೊಳಗೆ. ಇಡೀ ಹಲ್ಲು ಬರಲೊಲ್ಲದು ಎಂದು ತುಂಡು ಮಾಡಿ ತೆಗೆದರು, ಹೊಲಿಗೆ ಹಾಕಿದರು, ಹತ್ತಿ ಕಚ್ಚಿಸಿದರು. ಆಮೇಲೆ ಉಪದೇಶ: ಉಗುಳಬೇಡಿ, ಬಿಸಿ ಬೇಡ, ಖಾರ ಬೇಡ, ಐಸಿಡಿ, ತಣ್ಣಗಿನ ಮೆತ್ತನೆಯ ಆಹಾರ ತಿನ್ನಿ, ನಾಳೆಯಿಂದ ಉಗುರುಬೆಚ್ಚಗಿನ ಉಪ್ಪುನೀರು ಬಾಯಲ್ಲಿಟ್ಟುಕೊಂಡು ಬಿಡಿ, ಮಾತು ಕಡಿಮೆ ಮಾಡಿ. "ಮೂರನೇ ದಿನ ಊತ ಜಾಸ್ತಿ ಇರುತ್ತದೆ, ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ, ಗಾಬರಿಯಾಗಬೇಡಿ" ಎಂದರು. ನಾನು ಕೂತಲ್ಲೇ ಲೆಕ್ಕ ಹಾಕಿದೆ. ಮೂರನೇ ದಿನ ಭಾನುವಾರ.

ಡಾಕ್ಟರು ಹೇಳಿದ್ದು ಪಂಚಾಂಗಕ್ಕಿಂತ ಕರಾರುವಾಕ್ಕಾಗಿ ನಡೆಯಿತು. ಶನಿವಾರ ರೈಲು ಹತ್ತುವಾಗಲೇ ಬಲಗೆನ್ನೆ ಒಳಗೆ ಕಡುಬು ಇಟ್ಟುಕೊಂಡ ಹಾಗೆ ಉಬ್ಬಿತ್ತು. ಎದುರು ಸೀಟಿನಾಕೆ ಲವಂಗ ಇಡಿ ಎಂದರು. ಹಲ್ಲೇ ಇಲ್ಲ, ಎಲ್ಲಿಡಲಿ ತಾಯಿ? ಪಕ್ಕದ ಹಿರಿಯರು, ಇದಕ್ಕೆಲ್ಲ ಬಿಸಿ ಇಡ್ಲಿ ಖಾರದ ಪುಡಿ ಒಳ್ಳೆಯದು, ಖಾರಕ್ಕೆ ಊತ ಇಳಿಯುತ್ತದೆ ಎಂದು ತಮ್ಮ ಡಬ್ಬಿಯನ್ನೇ ಮುಂದೆ ಹಿಡಿದರು. ನಮ್ಮವರು ನನ್ನ ಪಾಲಿನ ಇಡ್ಲಿಯನ್ನೂ ತಿಂದು, ತುಂಬಾ ಚೆನ್ನಾಗಿದೆ ಎಂದು ಅವರಿಗೆ ಹೇಳಿದರು. ನಾನು ತಣ್ಣಗಿನ ರಾಗಿ ಅಂಬಲಿಯನ್ನು ಚಮಚದಲ್ಲಿ ಹಲ್ಲಿನ ಸಂದಿಯಿಂದ ತೂರಿಸಿಕೊಳ್ಳುತ್ತಾ, ನಾಳೆ ನನ್ನ ಬದಲು ಮಾತಾಡಬೇಕಾದ ಈ ಮನುಷ್ಯನಿಗೆ ಪಾಠ ಹೇಳಿಕೊಡುವುದರಲ್ಲಿ ಅರ್ಧ ಆಂಧ್ರ ದಾಟಿದೆ.

"ಏನು ಹೇಳ್ತೀರಿ?"

"ಹುಡುಗಿ ಉದ್ಯೋಗ ಬಿಡಲ್ಲ ಅಂತೀನಿ."

"ಯಾವಾಗ?"

"ಅವರು ಕೇಳಿದಾಗ. ಚೆಪ್ತಾನೇ, ಹೇಳ್ತೀನಿ ಅಂದ್ನಲ್ಲ, ಎಷ್ಟು ಸಲ? ನೀನು ಮೊದಲು ಬಾಯಿ ಮುಚ್ಚು, ಹೊಲಿಗೆ ಬಿಚ್ಚಿಹೋಗತ್ತೆ."

ಕಿಟಕಿಯ ಪಕ್ಕದಲ್ಲಿ ಮಗಳು ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಿದ್ದಳು. ಹಾಡು ಕೇಳುತ್ತಿದ್ದಳೋ ನಮ್ಮನ್ನು ಕೇಳುತ್ತಿದ್ದಳೋ ಗೊತ್ತಿಲ್ಲ.

ಅತ್ತೆಯ ಮನೆ ಕಾಲುವೆ ರಸ್ತೆಯ ಹಿಂದಿನ ಬೀದಿಯಲ್ಲಿ. ವಿಜಯವಾಡದ ಸೆಕೆಗೆ ನೆಲವೂ ಬೆವರುತ್ತಿತ್ತು. ಅತ್ತೆ ನನ್ನ ಮುಖ ನೋಡಿದವರೇ ಎದೆ ಬಡಿದುಕೊಂಡರು. ಆಮೇಲೆ ಎಂದೂ ಮಾಡದಷ್ಟು ಉಪಚಾರ ಮಾಡತೊಡಗಿದರು, ಎಲ್ಲವೂ ತಿರುಗಾ ಮುರುಗಾ. ಐಸು ಇಟ್ಟುಕೊಂಡರೆ ಕಿತ್ತುಕೊಂಡು ಬಿಸಿ ಉಪ್ಪಿನ ಗಂಟು ಕೊಟ್ಟರು. ಮೊಸರನ್ನ ಕೇಳಿದರೆ ಶೀತ ಎಂದು ಮೆಣಸಿನ ಸಾರು ತಂದರು. ನಾನು ಬೇಡ ಎಂದು ತಲೆಯಾಡಿಸಿದರೆ, "ಪಾಪ, ನೋವಿಗೆ ತಲೆ ನಿಲ್ಲುತ್ತಿಲ್ಲ" ಎಂದು ಇನ್ನೊಂದು ಸೌಟು ಹಾಕಿದರು. ಅಯ್ಯೋ ನನ್ನ ಕರ್ಮವೇ!

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಅವರ ತೀರ್ಮಾನ. ಶುಭಕಾರ್ಯದ ಹೊತ್ತಿಗೆ ಹುಡುಗಿಯ ತಾಯಿಗೆ ಆಪರೇಷನ್ ಆಗಿದೆ, ರಕ್ತ ಬಂದಿದೆ ಎಂದು ಗೊತ್ತಾದರೆ ಅಪಶಕುನ ಎನ್ನುತ್ತಾರಂತೆ. ಆದ್ದರಿಂದ ಹಲ್ಲಿನ ಸುದ್ದಿ ಎತ್ತುವ ಹಾಗಿಲ್ಲ. ಗಂಟಲು ಕೆಟ್ಟಿದೆ ಎನ್ನುವುದು, ನಾನು ಸೆರಗನ್ನು ಕೆನ್ನೆಗೆ ಅಡ್ಡ ಹಿಡಿದು ಕೂರುವುದು. ನಮ್ಮವರು ಕೋಲೆ ಬಸವನ ಹಾಗೆ ತಲೆಯಾಡಿಸಿದರು. ಬೇಡ, ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ಎದ್ದು ಹೋಗಿದ್ದರು. ಒಂದು ಬೆರಳಿನಷ್ಟು ಬಾಯಿಂದ ವಾದ ಮಾಡುವುದು ಹೇಗೆ? ವಾದಕ್ಕೆ ವೇಗ ಬೇಕು.

ಭಾನುವಾರ ಅವರು ಬಂದರು. ಹುಡುಗ, ಅವನ ತಂದೆ, ತಾಯಿ. ಹುಡುಗ ನೋಡಲು ಲಕ್ಷಣವಾಗಿದ್ದ, ಬಂದವನೇ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದ. ಮಗಳು ಹಸಿರು ಸೀರೆಯಲ್ಲಿ ತಿಂಡಿಯ ತಟ್ಟೆಗಳನ್ನು ತಂದಿಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡಿಕೊಂಡರು. ನಾನು ಬಲಗೆನ್ನೆಯ ಮೇಲೆ ಸೆರಗು ಹಿಡಿದು, ಎಡಭಾಗ ಮಾತ್ರ ಕಾಣುವ ಹಾಗೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ.

ಹುಡುಗನ ತಾಯಿ ನನ್ನ ಕಡೆ ತಿರುಗಿ, ಊರು ಯಾವುದು, ಎಷ್ಟು ವರ್ಷದ ಸರ್ವಿಸು, ವಿಶಾಖಪಟ್ಟಣ ಹಿಡಿಸಿತಾ ಎಂದೆಲ್ಲ ಕೇಳಿದರು. ನಾನು ತಲೆ ಬಾಗಿಸಿದೆ, ಕಣ್ಣಲ್ಲೇ ನಕ್ಕೆ. ಅವರಿಗೆ ಪರಮ ಸಂತೋಷವಾಯಿತು. "ನಮ್ಮ ವದಿನಗಾರು ಎಷ್ಟು ಶಾಂತ ನೋಡಿ!" ಎಂದರು. ವದಿನ ಎಂದರೆ ಅತ್ತಿಗೆ. ಬೀಗಿತ್ತಿಯಾಗುವವಳನ್ನು ಕರೆಯುವ ಮರ್ಯಾದೆಯ ಮಾತು. "ಬ್ಯಾಂಕಿನಲ್ಲಿ ಆಫೀಸರು ಅಂದಾಗ ಜೋರಿರಬಹುದು ಅಂತ ಅಂಜಿದ್ದೆ. ಸೆರಗು ಕೂಡ ಜಾರಿಸಿಲ್ಲ. ತಾಯಿ ಹೀಗಿದ್ದರೆ ಮಗಳ ವಿಷಯ ಕೇಳುವುದೇ ಬೇಡ."

ನಮ್ಮವರು ಕೆಮ್ಮಿದರು, ಅದು ನಗು. ಹುಟ್ಟಿದಾಗಿನಿಂದ ಯಾರೂ ನನಗೆ ಶಾಂತ ಎಂದಿರಲಿಲ್ಲ, ಹೆತ್ತ ತಾಯಿ ಸಹ. ನನಗೆ ಮೈಯೆಲ್ಲ ಉರಿಯಿತು. ಈ ಹೆಂಗಸು ನನ್ನ ಊತವನ್ನು ನನ್ನ ಸ್ವಭಾವ ಎಂದುಕೊಂಡು ನನ್ನ ಮಗಳನ್ನು ಒಪ್ಪಿಕೊಳ್ಳುತ್ತಿದ್ದಾಳಲ್ಲ!

ಕಾಗದದ ಹಾಗೆ ತೆಳ್ಳಗಿನ ಪೂತರೇಕು ಸಿಹಿ ತಿಂದರು, ಕಾಫಿ ಕುಡಿದರು. ಆಮೇಲೆ ಆಕೆ ಲೋಟ ಕೆಳಗಿಟ್ಟು ವಿಷಯಕ್ಕೆ ಬಂದರು. "ದೇವರ ದಯೆಯಿಂದ ನಮ್ಮಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಮದುವೆಯಾದ ಮೇಲೆ ಹುಡುಗಿ ಆ ಬಸ್ಸು, ಆ ಷಿಫ್ಟು, ಆ ಔಷಧಿ ವಾಸನೆ ಎಲ್ಲ ಬಿಟ್ಟು ನೆಮ್ಮದಿಯಾಗಿ ಮನೆಯಲ್ಲಿರಲಿ. ಏನಂತೀರಿ ಅಣ್ಣಯ್ಯಗಾರು?"

ನಾನು ನಮ್ಮವರನ್ನು ನೋಡಿದೆ. ಹೇಳಿ ರೀ, ಈಗ ಹೇಳಿ, ರೈಲಿನಲ್ಲಿ ಬಾಯಿಪಾಠ ಮಾಡಿಸಿದ್ದೇನಲ್ಲ. ಅವರು ಟೀಪಾಯಿಯನ್ನು ನೋಡಿದರು, ಹುಡುಗನ ತಂದೆಯನ್ನು ನೋಡಿದರು, ತಮ್ಮ ತಾಯಿಯನ್ನು ನೋಡಿದರು. ಎರಡೂ ಕೈ ಜೋಡಿಸಿ, "ಮೀ ಇಷ್ಟಂ ಅಂಡಿ" ಎಂದರು. ನಿಮ್ಮಿಷ್ಟವಂತೆ!

ಹುಡುಗ ತಲೆ ತಗ್ಗಿಸಿ ತಟ್ಟೆಯಲ್ಲಿ ಉಳಿದಿದ್ದ ಗೋಡಂಬಿಯನ್ನು ಬೆರಳಲ್ಲಿ ಹೊರಳಿಸುತ್ತಿದ್ದ. ಮಗಳು ಬಾಗಿಲ ಪಕ್ಕ ನಿಂತಿದ್ದಳು. ಅವಳು ಅವನನ್ನು ಒಂದು ಸಲ ನೋಡಿದಳು. ಕಾದಳು. ಆಮೇಲೆ ನನ್ನನ್ನು ನೋಡಿದಳು.

ಹೊಲಿಗೆ ಹರಿದರೆ ಹರಿಯಲಿ ಎಂದು ಬಾಯಿ ತೆರೆದೆ. ದವಡೆಯಿಂದ ಕಿವಿಯವರೆಗೆ ಕಾದ ಕಬ್ಬಿಣ ಎಳೆದ ಹಾಗಾಯಿತು, ಕಣ್ಣಲ್ಲಿ ನೀರು ತುಂಬಿತು. "ಇಲ್ಲ ರೀ. ಅವಳು ಕೆಲಸ ಬಿಡಲ್ಲ. ಅದು ಅವಳ ಪ್ರಾಣ" ಎಂದು ತೆಲುಗಿನಲ್ಲಿ ಹೇಳಿದೆ. ಹೇಳಿದ್ದು ಅಷ್ಟು, ಹೊರಗೆ ಬಂದದ್ದು ಗಾಳಿ, ಜೊಲ್ಲು, ಒಂದಿಷ್ಟು ಕೆಂಪು. ಸೆರಗು ಜಾರಿತು. ನೀಲಿಯೂ ಹಳದಿಯೂ ಆದ ನನ್ನ ಕೆನ್ನೆ ಮೊದಲ ಸಲ ಪೂರ್ತಿ ಕಂಡಿತು.

"ಅಯ್ಯೋ, ಏನಾಗಿದೆ ಇವರಿಗೆ? ಏನು ಹೇಳುತ್ತಿದ್ದಾರೆ?" ಎಂದು ಹುಡುಗನ ತಾಯಿ ಹೌಹಾರಿ ಎದ್ದರು. ನಮ್ಮವರು, "ಏನಿಲ್ಲಂಡಿ, ಗಂಟಲು" ಎಂದರು. ಆಗ ನಮ್ಮತ್ತೆ ಬಾಯಿ ಹಾಕಿದರು. ಅವರಿಗೆ ಹಲ್ಲು ಬಿದ್ದು ವರ್ಷಗಳಾದವು. ಕಟ್ಟಿಸಿಕೊಟ್ಟ ಸೆಟ್ಟನ್ನು ಡಬ್ಬಿಯಲ್ಲಿಟ್ಟು ಬರಿಯ ವಸಡಿನಲ್ಲೇ ಮಾತಾಡುವವರು. ಅಂಥ ಮಾತು ಅವರಿಗಲ್ಲದೆ ಇನ್ಯಾರಿಗೆ ತಿಳಿಯಬೇಕು? "ಗಂಟಲಿಗೇನೂ ಆಗಿಲ್ಲ, ಹಲ್ಲು ಕೀಳಿಸಿಕೊಂಡು ಬಂದಿದ್ದಾಳೆ. ಹುಡುಗಿ ಕೆಲಸ ಬಿಡುವುದಿಲ್ಲ ಅಂತಿದ್ದಾಳೆ ನಮ್ಮ ಸೊಸೆ. ಅವಳಿಗೆ ಅದು ಪ್ರಾಣವಂತೆ. ಅದಕ್ಕೆ ಒಪ್ಪಿಗೆಯಾದರೆ ಮುಂದಿನ ಮಾತಾಡೋಣ" ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು.

ಹುಡುಗನ ತಾಯಿಗೆ ಸಿಟ್ಟು ಯಾವುದಕ್ಕೆ ಹೆಚ್ಚು ಬಂತೋ, ಕೆಲಸದ ಮಾತಿಗೋ ಹಲ್ಲು ಮುಚ್ಚಿಟ್ಟಿದ್ದಕ್ಕೋ. "ಇಷ್ಟು ಸಣ್ಣದನ್ನೇ ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟಿದ್ದೀರೋ" ಎಂದರು. ಆ ಮಾತು ಸರಿಯಾಗಿಯೇ ಇತ್ತು. ಜಾರಿದ ಸೆರಗನ್ನು ನಾನು ಮತ್ತೆ ಕೆನ್ನೆಗೆ ಹಿಡಿಯಲಿಲ್ಲ. ಯೋಚನೆ ಮಾಡಿ ಫೋನ್ ಮಾಡುತ್ತೇವೆ ಎಂದು ಹೊರಟರು. ಹುಡುಗ ಮತ್ತೆ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ಚಪ್ಪಲಿ ಮೆಟ್ಟಿಕೊಂಡು ತಂದೆ ತಾಯಿಯ ಹಿಂದೆ ನಡೆದ.

ಗೇಟು ಹಾಕಿಕೊಂಡದ್ದೇ ಅತ್ತೆ ನನ್ನ ಮೇಲೆ ತಿರುಗಿಬಿದ್ದರು. "ವರ್ಜ್ಯ ನಡೆಯುತ್ತಿತ್ತಲ್ಲೇ ಅಮ್ಮಾಯೀ! ಇನ್ನು ಸ್ವಲ್ಪ ಹೊತ್ತು ತಡೆದು ಬಾಯಿ ತೆರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?" ಒಂದು ಗಳಿಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿದ್ದು ಅಲ್ಲಿಗೇ ನಿಂತಿತು. ಬೆಚ್ಚಗಿನ ಉಪ್ಪುನೀರು ತಂದುಕೊಟ್ಟರು, ಕುಡಿಯಬೇಡ, ಬಾಯಲ್ಲಿಟ್ಟುಕೊಂಡು ಬಿಡು ಎಂದರು. ಅದೊಂದು ಮಾತ್ರ ಡಾಕ್ಟರು ಹೇಳಿದ ಹಾಗೇ ಇತ್ತು.

ಸಂಜೆಯ ಹೊತ್ತಿಗೆ ವಾಪಸು ರೈಲು ಹತ್ತಿದೆವು. ಮರುದಿನ ಮಗಳಿಗೆ ಬೆಳಗಿನ ಷಿಫ್ಟು. ನಾನು ಕೆನ್ನೆಗೆ ತಣ್ಣಗಿನ ನೀರಿನ ಬಾಟಲಿ ಒತ್ತಿಕೊಂಡು ಅವಳ ಪಕ್ಕ ಕೂತೆ. ಅಳುತ್ತಾಳೇನೋ, ಬೈಯುತ್ತಾಳೇನೋ ಎಂದು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಹಿಡಿಸಿದ ಹುಡುಗ. ಮುಚ್ಚಿಡುವುದಕ್ಕೆ ಒಪ್ಪದೆ ಮೊದಲೇ ಹೇಳಿದ್ದರೆ ಬೇರೆ ಥರ ಆಗುತ್ತಿತ್ತೋ ಏನೋ.

ಏಲೂರು ದಾಟಿದ ಮೇಲೆ ಅವಳ ಫೋನಿಗೆ ಅವನ ಸಂದೇಶ ಬಂತು. ಓದಿ, ನನ್ನ ಕಡೆ ತಿರುಗಿಸಿದಳು. ತಪ್ಪು ತಿಳಿಯಬೇಡ, ಅಮ್ಮನ ಎದುರು ಮಾತಾಡಲು ಆಗಲಿಲ್ಲ, ಈಗ ಕೆಲಸ ಬಿಡುತ್ತೇನೆ ಎಂದು ಒಪ್ಪಿಕೊಂಡುಬಿಡು, ಮದುವೆಯಾದ ಮೇಲೆ ನಾನೇ ನಿಧಾನವಾಗಿ ಹೇಳಿ ಒಪ್ಪಿಸುತ್ತೇನೆ ಎಂದಿತ್ತು.

ನಾನು ಏನೋ ಹೇಳಲು ಹೋದೆ. "ಬೇಡಮ್ಮಾ, ನೋಯತ್ತೆ, ಸುಮ್ಮನಿರು" ಎಂದು ಕೈ ಅಡ್ಡ ಹಿಡಿದಳು. ಫೋನನ್ನು ಚೀಲಕ್ಕೆ ಹಾಕಿದಳು. ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ತಾನೇ ನನ್ನ ಕೆನ್ನೆಗೆ ಮೆತ್ತಗೆ ಒತ್ತಿ ಹಿಡಿದಳು.

"ಇಷ್ಟೆಲ್ಲ ಊದಿಸಿಕೊಂಡು ನೀನು ಹೇಳಿದೆ" ಎಂದಳು. "ಅವನ ಬಾಯಿಗೇನಾಗಿತ್ತಮ್ಮಾ? ಅವನ ಹಲ್ಲನ್ನ ಯಾರೂ ಕಿತ್ತಿರಲಿಲ್ಲವಲ್ಲ."

ಎದುರು ಸೀಟಿನಲ್ಲಿ ನಮ್ಮವರು ಪೇಪರು ಮಡಿಸಿ ಪಕ್ಕಕ್ಕಿಟ್ಟರು. ಏನೋ ಹೇಳುವವರ ಹಾಗೆ ಮುಂದೆ ಬಾಗಿದರು, ಆಮೇಲೆ ಕಿಟಕಿಯ ಹೊರಗೆ ನೋಡಿದರು.